ಹೊಸ ಸವಾರ, ಓಟದ ಬೈಕು: ಮೆಟ್ಟಿಲುಗಳ ಒಂದು ಸಣ್ಣ ಇತಿಹಾಸ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈಗ ನಡುವಯಸ್ಸನ್ನು ಮುಟ್ಟಿದ್ದಾರೆ. ಅವರ ಮಕ್ಕಳು ಹದಿನೆಂಟು ದಾಟಿ ಕಾಲೇಜಿಗೆ ಹೋಗುತ್ತಿದ್ದಾರೆ. ಇತ್ತೀಚೆಗೆ ಅವರಲ್ಲಿ ಮೂರು ನಾಲ್ಕು ಮಂದಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದರು: "ಮೇಷ್ಟ್ರೇ, ಮಗ ಮೊಟ್ಟಮೊದಲ ಬೈಕೇ ಸ್ಪೋರ್ಟ್ಸ್ ಬೈಕ್ ಆಗಬೇಕು ಎನ್ನುತ್ತಾನೆ. ಕೊಡಿಸಬಹುದೇ?" ಇಂಥ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮೆಕ್ಯಾನಿಕ್ಕುಗಳು, ಮೂವತ್ತು ವರ್ಷ ಅಶೋಕನ ಶಾಸನಗಳನ್ನೂ ಪಾಣಿಪತ್ ಕದನಗಳನ್ನೂ ಪಾಠ ಮಾಡಿದ ನನ್ನಂಥವನಲ್ಲ ಎಂದು ನಿಮಗನ್ನಿಸಬಹುದು. ಆದರೆ ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಬೇರೆ ದೇಶಗಳು ಇದೇ ಪ್ರಶ್ನೆಯನ್ನು ನಮಗಿಂತ ಬಹಳ ಹಿಂದೆಯೇ ಎದುರಿಸಿ, ಬೆಲೆ ತೆತ್ತು, ಕೆಲವು ಉತ್ತರಗಳನ್ನು ಕಂಡುಕೊಂಡಿವೆ. ಇತಿಹಾಸವನ್ನು ಓದುವುದು ಇಂಥ ಉಪಯೋಗಕ್ಕಲ್ಲದೆ ಇನ್ನಾವುದಕ್ಕೆ?

ಮೋಟಾರ್ ಸೈಕಲ್ಲಿನ ಹುಟ್ಟಿನಿಂದಲೇ ಆರಂಭಿಸೋಣ. 1885ರಲ್ಲಿ ಜರ್ಮನಿಯ ಕಾನ್‌ಸ್ಟಾಟ್ ಎಂಬಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಖ್ ಸೇರಿ ಮರದ ಚೌಕಟ್ಟಿನ ಗಾಡಿಯೊಂದಕ್ಕೆ ತಮ್ಮ ಹೊಸ ಪೆಟ್ರೋಲ್ ಇಂಜಿನ್ನನ್ನು ಕೂರಿಸಿದರು. ಅದರ ಸಾಮರ್ಥ್ಯ ಕೇವಲ ಅರ್ಧ ಅಶ್ವಶಕ್ತಿ. ವೇಗ ಗಂಟೆಗೆ ಸುಮಾರು 12 ಕಿಲೋಮೀಟರ್; ಒಳ್ಳೆಯ ಸೈಕಲ್ ಸವಾರ ಅದನ್ನು ಸುಲಭವಾಗಿ ಹಿಂದೆ ಹಾಕಬಲ್ಲ. ಆ ವರ್ಷದ ನವೆಂಬರಿನಲ್ಲಿ ಅದನ್ನು ಓಡಿಸಿದವನು ಡೈಮ್ಲರನ ಹದಿಹರೆಯದ ಮಗ ಪೌಲ್. ಇಂಜಿನ್ನಿನ ಬಿಸಿಗೆ ದಾರಿಯಲ್ಲಿ ಆಸನಕ್ಕೆ ಬೆಂಕಿ ಹತ್ತಿಕೊಂಡಿತೆಂದೂ ಹೇಳುತ್ತಾರೆ! ಅಂದರೆ ಜಗತ್ತಿನ ಮೊದಲ ಮೋಟಾರ್ ಸೈಕಲ್ ಸವಾರರಲ್ಲಿ ಒಬ್ಬನು ಹೊಸ ಸವಾರನೂ ಹೌದು, ಹುಡುಗನೂ ಹೌದು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಗಾಡಿಯ ಎರಡು ಪಕ್ಕಗಳಲ್ಲಿ ಬೀಳದಂತೆ ಆಧಾರಕ್ಕೆಂದು ಎರಡು ಪುಟ್ಟ ಚಕ್ರಗಳಿದ್ದುವು. ಅರ್ಧ ಅಶ್ವಶಕ್ತಿಯ ಗಾಡಿಗೂ ತಂದೆ ಮಗನಿಗಾಗಿ ಆಧಾರದ ಚಕ್ರಗಳನ್ನು ಬಿಟ್ಟಿದ್ದನು. ಮುಂದೆ ನೂರಾರು ಅಶ್ವಶಕ್ತಿಯ ಕಾಲ ಬಂದಾಗ ಆ ಆಧಾರ ಯಾವ ರೂಪದಲ್ಲಿ ಉಳಿಯಿತು, ಎಲ್ಲಿ ಉಳಿಯಲಿಲ್ಲ ಎಂಬುದೇ ಈ ಬರಹದ ವಿಷಯ.

ಗಾಡಿ ಹುಟ್ಟಿದ ಮೇಲೆ ಪಂದ್ಯ ಹುಟ್ಟಲು ತಡವಾಗಲಿಲ್ಲ. 1907ರ ಮೇ 28ರಂದು ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿ ಟೂರಿಸ್ಟ್ ಟ್ರೋಫಿ ಮೋಟಾರ್ ಸೈಕಲ್ ಪಂದ್ಯ ಮೊದಲ ಬಾರಿ ನಡೆಯಿತು. ದ್ವೀಪಕ್ಕೆ ಏಕೆ ಹೋಗಬೇಕಾಯಿತೆಂದರೆ, ಬ್ರಿಟನ್ನಿನ ಮುಖ್ಯ ಭೂಭಾಗದಲ್ಲಿ ರಸ್ತೆಯ ವೇಗದ ಮಿತಿ ಗಂಟೆಗೆ 20 ಮೈಲಿ ಇತ್ತು; ಪಂದ್ಯಕ್ಕಾಗಿ ಸಾರ್ವಜನಿಕ ರಸ್ತೆಯನ್ನು ಮುಚ್ಚಲು ಅಲ್ಲಿ ಅವಕಾಶವಿರಲಿಲ್ಲ. ಒಂಟಿ ಸಿಲಿಂಡರಿನ ವರ್ಗದಲ್ಲಿ ಗೆದ್ದ ಚಾರ್ಲಿ ಕಾಲಿಯರನ ಸರಾಸರಿ ವೇಗ ಗಂಟೆಗೆ ಸುಮಾರು 61 ಕಿಲೋಮೀಟರ್. ಇಂದು ಅದು ನಮ್ಮ ಊರಿನ ಹಾಲಿನವನ ಗಾಡಿಯ ವೇಗ! ಆದರೂ ಅಂದಿನಿಂದ ಒಂದು ಪದ್ಧತಿ ಬೆಳೆಯಿತು. ಭಾನುವಾರ ಪಂದ್ಯದಲ್ಲಿ ಗೆದ್ದದ್ದು ಸೋಮವಾರ ಅಂಗಡಿಯಲ್ಲಿ ಮಾರಾಟವಾಗುತ್ತದೆ ಎಂಬುದು ತಯಾರಕರ ನಂಬಿಕೆಯಾಯಿತು. ಸ್ಪೋರ್ಟ್ಸ್ ಬೈಕ್ ಎಂಬ ಜಾತಿ ಹುಟ್ಟಿದ್ದು ಈ ನಂಬಿಕೆಯಿಂದಲೇ. ಅದು ಪಂದ್ಯದ ಅಂಗಳದ ಕೂಸು. ರಸ್ತೆಗೆ ಬಂದದ್ದು ಆಮೇಲೆ.

ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನ ದುಡಿಯುವ ವರ್ಗದ ಹುಡುಗರ ಕೈಗೆ ಮೊದಲ ಬಾರಿಗೆ ಒಂದಿಷ್ಟು ಹಣ ಬಂತು. ಲಂಡನ್ನಿನ ಉತ್ತರ ವರ್ತುಲ ರಸ್ತೆಯ ಏಸ್ ಕೆಫೆಯಂಥ ಚಹಾದಂಗಡಿಗಳ ಮುಂದೆ ಸೇರುತ್ತಿದ್ದ ಈ ಹುಡುಗರು ತಮ್ಮ ಬೈಕುಗಳ ಹಿಡಿಕೆಗಳನ್ನು ತಗ್ಗಿಸಿ, ಅನಗತ್ಯವೆನಿಸಿದ ತಗಡನ್ನೆಲ್ಲ ಕಳಚಿ, ಪಂದ್ಯದ ಗಾಡಿಯ ಹಾಗೆ ಮಾಡಿಕೊಳ್ಳುತ್ತಿದ್ದರು. ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ಮುಟ್ಟುವುದು ಅವರ ಪಾಲಿಗೆ ಒಂದು ದೀಕ್ಷೆ. ಪತ್ರಿಕೆಗಳು ಇವರನ್ನು 'ಟನ್ ಅಪ್ ಬಾಯ್ಸ್' ಎಂದು ಕರೆದುವು. ಅಂದಿನ ಕಾನೂನಿನಲ್ಲಿ ಒಂದು ದೊಡ್ಡ ಕಂಡಿ ಇತ್ತು. ಕಲಿಕಾ ಪರವಾನಗಿ ಪಡೆದ ಹದಿನಾರರ ಹುಡುಗನು ಎಷ್ಟೇ ದೊಡ್ಡ ಬೈಕನ್ನೂ ರಸ್ತೆಗೆ ತರಬಹುದಾಗಿತ್ತು. ಸಾವುಗಳು ಹೆಚ್ಚಿದ ಮೇಲೆ ಸರ್ಕಾರ ಎಚ್ಚೆತ್ತಿತು. 1961ರಿಂದ ಕಲಿಯುವವರಿಗೆ 250 ಸಿಸಿಯ ಮಿತಿ ಬಂತು. ಇದೇ ಆ ದೇಶದ ಮೊದಲ ಮೆಟ್ಟಿಲು. 1971ರಲ್ಲಿ ಹದಿನಾರರ ವಯಸ್ಸಿನವರಿಗೆ 50 ಸಿಸಿಯ ಮೊಪೆಡ್ ಮಾತ್ರ ಎಂಬ ಎರಡನೆಯ ಮೆಟ್ಟಿಲು ಬಂತು. 1973ರಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು.

ಆದರೆ ಮೆಟ್ಟಿಲು ಕಟ್ಟುವವರು ಒಂದು ಕಡೆಯಾದರೆ ಅದನ್ನು ಹಾರುವವರು ಇನ್ನೊಂದು ಕಡೆ. ಕಾನೂನು ಅಳೆದದ್ದು ಇಂಜಿನ್ನಿನ ಗಾತ್ರವನ್ನು, ಬಲವನ್ನಲ್ಲ. ಜಪಾನಿನ ತಯಾರಕರು ಇದನ್ನು ಬಹುಬೇಗ ಗ್ರಹಿಸಿದರು. ಗಾತ್ರ ಹೆಚ್ಚಿಸದೆ ಬಲ ಹೆಚ್ಚಿಸುವ ಟೂ ಸ್ಟ್ರೋಕ್ ವಿದ್ಯೆಯಲ್ಲಿ ಅವರು ನಿಷ್ಣಾತರು. 1978ರಲ್ಲಿ ಬಂದ ಸುಜುಕಿ ಎಕ್ಸ್7, ನೂರು ಮೈಲಿ ಮುಟ್ಟುವ 250 ಸಿಸಿ ಬೈಕು ಎಂಬ ಹೆಗ್ಗಳಿಕೆಯೊಡನೆ ಮಾರಾಟವಾಯಿತು. ಕೆಫೆಯ ಹುಡುಗರು ಯಾವ ವೇಗಕ್ಕಾಗಿ ಹೆಣಗಿದ್ದರೋ ಆ ವೇಗ ಈಗ ಕಲಿಕಾ ಪರವಾನಗಿಯ ಹುಡುಗನಿಗೆ ಅಂಗಡಿಯಲ್ಲೇ ಸಿಗುವಂತಾಯಿತು! ಕೊನೆಗೆ 1983ರಲ್ಲಿ ಕಲಿಯುವವರ ಮಿತಿಯನ್ನು 125 ಸಿಸಿಗೆ ಇಳಿಸಿ, ಅದರ ಜೊತೆಗೆ 12 ಅಶ್ವಶಕ್ತಿಯ ಮಿತಿಯನ್ನೂ ವಿಧಿಸಿದರು. 1990ರಲ್ಲಿ, ಒಬ್ಬ ಬೋಧಕನ ಬಳಿ ಮೂಲಭೂತ ತರಬೇತಿ ಪಡೆಯದೆ ಯಾರೂ ರಸ್ತೆಗೆ ಇಳಿಯಕೂಡದು ಎಂಬ ನಿಯಮ ಬಂತು. ಮೊದಲು ಗಾತ್ರ, ಆಮೇಲೆ ಬಲ, ಆಮೇಲೆ ಶಿಕ್ಷಣ. ಮೂರು ಪಾಠಗಳನ್ನು ಕಲಿಯಲು ಆ ದೇಶಕ್ಕೆ ಮೂವತ್ತು ವರ್ಷ ಹಿಡಿಯಿತು.

ಬೈಕುಗಳನ್ನು ತಯಾರಿಸಿ ಲೋಕಕ್ಕೆಲ್ಲ ಕಳಿಸುತ್ತಿದ್ದ ಜಪಾನ್ ತನ್ನ ಮಕ್ಕಳ ವಿಷಯದಲ್ಲಿ ಇನ್ನೂ ಕಠಿಣವಾಗಿತ್ತು. 1969ರಲ್ಲಿ ನಾಲ್ಕು ಸಿಲಿಂಡರಿನ ಹೋಂಡಾ ಸಿಬಿ750 ಬಂದ ಮೇಲೆ 'ಸೂಪರ್ ಬೈಕ್' ಎಂಬ ಮಾತೇ ಚಾಲ್ತಿಗೆ ಬಂತು. ಅದರ 67 ಅಶ್ವಶಕ್ತಿ ಅಂದಿಗೆ ಬೆರಗು ಹುಟ್ಟಿಸುವಂಥದ್ದು. 1975ರಲ್ಲಿ ಅದೇ ದೇಶ ಪರವಾನಗಿಯನ್ನು ವಿಂಗಡಿಸಿ, 400 ಸಿಸಿ ಮೀರಿದ ಬೈಕುಗಳಿಗೆ ಪೊಲೀಸರ ಪರೀಕ್ಷಾ ಕೇಂದ್ರದಲ್ಲಿಯೇ ಪ್ರತ್ಯೇಕ ಪರೀಕ್ಷೆ ಕೊಡಬೇಕೆಂದಿತು. ಅದರಲ್ಲಿ ತೇರ್ಗಡೆಯಾಗುವವರು ಬಹಳ ಕಡಿಮೆ. 1996ರವರೆಗೂ ಈ ಕಟ್ಟುನಿಟ್ಟು ಉಳಿದಿತ್ತು. 1985ರಲ್ಲಿ ಸುಜುಕಿ ಸಂಸ್ಥೆ ಸುಮಾರು 100 ಅಶ್ವಶಕ್ತಿಯ ಜಿಎಸ್‌ಎಕ್ಸ್-ಆರ್750 ಎಂಬ, ಪಂದ್ಯದ ಬೈಕಿಗೇ ದೀಪ ಮತ್ತು ನಂಬರ್ ಪ್ಲೇಟ್ ಸಿಕ್ಕಿಸಿದಂತಿದ್ದ ಗಾಡಿಯನ್ನು ಹೊರತಂದಾಗ ಜಪಾನಿನ ಸಾಮಾನ್ಯ ಹುಡುಗನಿಗೆ ಅದು ಬಹುಮಟ್ಟಿಗೆ ಗೋಡೆಯ ಮೇಲಿನ ಚಿತ್ರವಾಗಿಯೇ ಉಳಿಯಿತು.

ಇದೇ ಹೊತ್ತಿಗೆ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿಯನ್ನು ಪ್ರಕಟಿಸಿತು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಶೇಕಡ 92 ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಅರ್ಧಕ್ಕಿಂತ ಹೆಚ್ಚು ಮಂದಿಗೆ, ಅಪಘಾತವಾದ ಆ ನಿರ್ದಿಷ್ಟ ಬೈಕಿನ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಒಟ್ಟು ಸವಾರಿಯ ಅನುಭವ ಮಾತ್ರ ಸರಾಸರಿ ಮೂರು ವರ್ಷಕ್ಕೆ ಹತ್ತಿರವಿತ್ತು. ಅಪಾಯ ಎದುರಾದಾಗ ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಜಾರಿದ್ದರು. ಮುಂದಿನ ಬ್ರೇಕನ್ನು ಸಾಕಷ್ಟು ಬಳಸಿರಲಿಲ್ಲ. ಬೇರೆ ವಾಹನಕ್ಕೆ ಡಿಕ್ಕಿಯಾದ ಪ್ರಸಂಗಗಳಲ್ಲಿ ಮೂರರಲ್ಲಿ ಎರಡು ಪಾಲು ತಪ್ಪು ಆ ಬೇರೆ ವಾಹನದವರದೇ ಎಂಬುದನ್ನೂ ವರದಿ ಹೇಳಿತು. ಈ ಕೊನೆಯ ಮಾತನ್ನು ಮರೆಯಬಾರದು. "ನಾನು ಸರಿಯಾಗಿ ಓಡಿಸುತ್ತೇನಲ್ಲ" ಎಂಬುದು ಸಾಕಾಗುವುದಿಲ್ಲ. ಎದುರಿನವನ ತಪ್ಪಿನಿಂದ ಪಾರಾಗುವಷ್ಟು ಬೈಕು ಕೈಗೆ ಒಗ್ಗಿರಬೇಕು. ಒಗ್ಗಲು ತಿಂಗಳುಗಳು ಬೇಕು.

ಈ ಐದು ತಿಂಗಳ ಲೆಕ್ಕವನ್ನು ಓದಿದಾಗಲೆಲ್ಲ ನನಗೆ ನನ್ನ ಶಿಷ್ಯನೊಬ್ಬನು ನೆನಪಾಗುತ್ತಾನೆ. ಅವನ ಹೆಸರನ್ನು ಇಲ್ಲಿ ಬರೆಯಲಾರೆ. ಅವನ ತಾಯಿ ನನ್ನ ಬರಹಗಳನ್ನು ಓದುತ್ತಾರೆ. ನಕ್ಷೆ ಬಿಡಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕಾವೇರಿಯ ತಿರುವುಗಳನ್ನು ಪುಸ್ತಕ ನೋಡದೆ ಎಳೆಯುತ್ತಿದ್ದನು. ಕೆಲಸ ಸಿಕ್ಕ ಮೊದಲ ವರ್ಷ, ತನ್ನದೇ ದುಡಿಮೆಯಿಂದ, ಕಂತಿನ ಮೇಲೆ ಒಂದು ದೊಡ್ಡ ಸ್ಪೋರ್ಟ್ಸ್ ಬೈಕನ್ನು ಕೊಂಡನು. ಅದಕ್ಕೆ ಮುಂಚೆ ಅವನು ಓಡಿಸಿದ್ದು ಮನೆಯ ಸ್ಕೂಟರನ್ನು ಮಾತ್ರ. ಮೂರನೆಯ ವಾರ, ಊರ ಹೊರಗಿನ ಒಂದು ತಿರುವಿನಲ್ಲಿ ಮಳೆನೀರು ಹರಡಿ ಹೋಗಿದ್ದ ಮರಳಿನ ಮೇಲೆ ಬೈಕು ಜಾರಿತು. ಅವನು ಕುಡಿದಿರಲಿಲ್ಲ. ಹೆಲ್ಮೆಟ್ ಹಾಕಿದ್ದನು. ಯಾರೊಡನೆಯೂ ಪೈಪೋಟಿಗೆ ಬಿದ್ದಿರಲಿಲ್ಲ. ಬೈಕಿನ ಮೀಟರಿನಲ್ಲಿದ್ದದ್ದು ಒಟ್ಟು ಆರುನೂರು ಚಿಲ್ಲರೆ ಕಿಲೋಮೀಟರ್. ಸಾವಿನ ಮನೆಯಲ್ಲಿ ಬಂಧುಗಳು "ವೇಗದ ಹುಚ್ಚು" ಎಂದು ಪಿಸುಗುಟ್ಟುತ್ತಿದ್ದರು. ಆ ಮಾತು ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ. ಅವನಿಗಿದ್ದದ್ದು ಹುಚ್ಚಲ್ಲ, ಅವನಿಗಿಲ್ಲದ್ದು ಮಧ್ಯದ ಮೆಟ್ಟಿಲು. ಒಂದನೆಯ ತರಗತಿಯಿಂದ ನೇರವಾಗಿ ಹತ್ತನೆಯ ತರಗತಿಗೆ ಕೂರಿಸಿದ ಮಗು ನಪಾಸಾದರೆ ಅದನ್ನು ದಡ್ಡ ಎನ್ನುವುದು ನ್ಯಾಯವೇ?

ಹಾಗಾದರೆ ನಮ್ಮ ದೇಶದಲ್ಲಿ ಈ ಮೆಟ್ಟಿಲುಗಳು ಹಿಂದೆ ಇರಲೇ ಇಲ್ಲವೇ? ಇದ್ದುವು. ಆದರೆ ಅವನ್ನು ಕಟ್ಟಿದ್ದು ಕಾನೂನಲ್ಲ, ನಮ್ಮ ಬಡತನ.

ನನ್ನ ತಲೆಮಾರಿನವರು ಮೊದಲು ಕಲಿತದ್ದು ಗಂಟೆಯ ಬಾಡಿಗೆಯ ಸೈಕಲ್ಲಿನಲ್ಲಿ, ಅದೂ ಒಳಪೆಡಲಿನಲ್ಲಿ. ಮೊಣಕಾಲಿನ ಮೇಲಿನ ಗಾಯದ ಗುರುತುಗಳೇ ನಮ್ಮ ಕಲಿಕಾ ಪರವಾನಗಿಗಳು. ಆಮೇಲೆ, ಅದೃಷ್ಟವಿದ್ದವರಿಗೆ, ಒಂದು ಮೊಪೆಡ್. 1972ರಲ್ಲಿ ಬಂದ 50 ಸಿಸಿಯ ಲೂನಾ, 1980ರಲ್ಲಿ ಬಂದ ಟಿವಿಎಸ್ 50 ಇವುಗಳ ಮೇಲೆ ಎಷ್ಟು ಮಂದಿ ಗುಮಾಸ್ತರು, ದಾದಿಯರು, ಮೇಷ್ಟ್ರುಗಳು ಸಂಚಾರದ ಪಾಠ ಕಲಿತರೋ! ಮೋಟಾರ್ ಸೈಕಲ್ ಎಂದರೆ ಮದರಾಸಿನ ಎನ್‌ಫೀಲ್ಡ್, ಎಸ್ಕಾರ್ಟ್ಸ್ ಸಂಸ್ಥೆಯ ರಾಜದೂತ್ ಅಥವಾ ನಮ್ಮ ಮೈಸೂರಿನ ಜಾವಾ.

ಜಾವಾದ ಮಾತು ಬಂದ ಮೇಲೆ ಮೈಸೂರಿನವನಾದ ನಾನು ಎರಡು ವಾಕ್ಯವನ್ನು ಹೆಚ್ಚಾಗಿ ಬರೆದರೆ ಕ್ಷಮಿಸಬೇಕು. ರುಸ್ತುಂ ಇರಾನಿಯವರು ಮತ್ತು ಅವರ ಕುಟುಂಬದವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು. ಮರುವರ್ಷದಿಂದ ಅಲ್ಲಿ ಚೆಕೊಸ್ಲೊವಾಕಿಯದ ಜಾವಾ ಬೈಕುಗಳು ತಯಾರಾದುವು. 1973ರಿಂದ ಅವುಗಳ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಾನು ಬಹುಕಾಲ ಓಡಿಸಿದ್ದು ಎರಡನೆಯ ಕೈಯ ಒಂದು ಜಾವಾ. ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮುಂದಕ್ಕೆ ಮಡಿಸಿದರೆ ಅದೇ ಗೇರಿನ ಸನ್ನೆ! 250 ಸಿಸಿ ಇದ್ದರೂ ಅದರ ಬಲ 12 ಅಶ್ವಶಕ್ತಿ. ಬ್ರಿಟನ್ ಸರ್ಕಾರ 1983ರಲ್ಲಿ ಕಲಿಯುವವರಿಗೆಂದು ನಿಗದಿ ಮಾಡಿದ ಬಲವೂ ಅಷ್ಟೇ ಎಂಬುದು ಕಾಕತಾಳೀಯ. ಅಲ್ಲಿ ಶಾಸನ ಮಾಡಿದ ಕೆಲಸವನ್ನು ಇಲ್ಲಿ ಅಭಾವ ಮಾಡುತ್ತಿತ್ತು.

ಈ ಅಭಾವದ ನಡುವೆ ಒಮ್ಮೆ ಮಾತ್ರ ಒಂದು ಮಿಂಚು ಹೊಡೆಯಿತು. 1983ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಯಮಹಾದ ಆರ್‌ಡಿ350 ಬೈಕನ್ನು ರಾಜದೂತ್ 350 ಎಂಬ ಹೆಸರಿನಿಂದ ಭಾರತಕ್ಕೆ ತಂದಿತು. ಎರಡು ಸಿಲಿಂಡರ್, ಆರು ಗೇರು, ಮೊದಲ ಮಾದರಿಗೆ 30.5 ಅಶ್ವಶಕ್ತಿ. ಜಾವಾ ಓಡಿಸುತ್ತಿದ್ದ ನಾಡಿನಲ್ಲಿ ಒಮ್ಮೆಲೇ ಎರಡೂವರೆ ಪಟ್ಟು ಬಲ! ಆದರೆ ಜಪಾನಿನ ಮೂಲ ಬೈಕಿನ ಮುಂದಿನ ಚಕ್ರಕ್ಕಿದ್ದ ಡಿಸ್ಕ್ ಬ್ರೇಕ್ ಇಲ್ಲಿನ ಮಾದರಿಗೆ ಬರಲಿಲ್ಲ. ಅದರ ಜಾಗದಲ್ಲಿ ಡ್ರಮ್ ಬ್ರೇಕ್ ಬಂತು. ಓಡುವ ವಿದ್ಯೆ ಬಂತು, ನಿಲ್ಲುವ ವಿದ್ಯೆ ಹಿಂದೆ ಉಳಿಯಿತು. ಆರ್‌ಡಿ ಎಂಬ ಎರಡಕ್ಷರಕ್ಕೆ ನಮ್ಮ ಹುಡುಗರು 'ರ‍್ಯಾಪಿಡ್ ಡೆತ್', ಅಂದರೆ ಶೀಘ್ರ ಮರಣ ಎಂಬ ವ್ಯಾಖ್ಯೆಯನ್ನು ಕಟ್ಟಿದರು. ಬೆಲೆಯೂ ದುಬಾರಿ, ಪೆಟ್ರೋಲಿನ ಖರ್ಚೂ ಹೆಚ್ಚು. ದಶಕ ಮುಗಿಯುವ ಹೊತ್ತಿಗೆ ತಯಾರಿಕೆ ನಿಂತಿತು. ಇಂದು ಅದನ್ನು ಪ್ರೀತಿಯಿಂದ ಕಾಪಾಡಿಕೊಂಡಿರುವವರು ಮೈಸೂರು ಬೆಂಗಳೂರುಗಳಲ್ಲಿ ಇದ್ದಾರೆ. ಆದರೆ ಬಡತನ ಕಟ್ಟಿದ ಮೆಟ್ಟಿಲುಗಳು ತೆರವಾದರೆ ಏನಾಗಬಹುದು ಎಂಬುದರ ಮುನ್ಸೂಚನೆ ಆ ಬೈಕಿನಲ್ಲಿ ಇತ್ತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್100ರಲ್ಲಿ ಬಲ 11 ಅಶ್ವಶಕ್ತಿಯೇ ಆದರೂ ತೂಕ ನೂರು ಕಿಲೋ ಆಸುಪಾಸು. ಗಾಡಿ ಹಗುರವಾದರೆ ಸಣ್ಣ ಇಂಜಿನ್ನೂ ಚಿಮ್ಮುತ್ತದೆ ಎಂಬುದನ್ನು ಅದು ನಮಗೆ ತೋರಿಸಿಕೊಟ್ಟಿತು.

1991ರ ಆರ್ಥಿಕ ಸುಧಾರಣೆಯ ಅನಂತರ ಬ್ಯಾಂಕಿನ ಸಾಲ ಸುಲಭವಾಯಿತು, ಸಂಬಳಗಳು ಏರಿದುವು. 1999ರಲ್ಲಿ ಹೀರೋ ಹೋಂಡಾ ಸಿಬಿಜೆಡ್, 2001ರಲ್ಲಿ ಬಜಾಜ್ ಪಲ್ಸರ್, 2003ರಲ್ಲಿ ಕರಿಜ್ಮಾ, 2008ರಲ್ಲಿ ಯಮಹಾ ಆರ್15, 2009ರಲ್ಲಿ ಕವಾಸಾಕಿ ನಿಂಜಾ 250 ಹೀಗೆ ಒಂದರ ಹಿಂದೆ ಒಂದು ಬಂದುವು. ಪಲ್ಸರಿನ ಜಾಹೀರಾತು ಅದನ್ನು 'ಖಂಡಿತವಾಗಿ ಗಂಡು' ಎಂದು ಸಾರಿತು. ವೇಗಕ್ಕೂ ಗಂಡಸುತನಕ್ಕೂ ಗಂಟು ಹಾಕುವ ಆ ಮಾತು ಹುಡುಗರ ಕಿವಿಗೆ ಇಂಪಾಗಿ ಕೇಳಿಸಿರಬೇಕು. 2019ರಲ್ಲಿ ಬಾಹಾ ಪಂದ್ಯಗಳ ಮಹಿಳಾ ವಿಶ್ವಕಪ್ಪನ್ನು ಗೆದ್ದ ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯವರು ಅದಕ್ಕೆ ತಕ್ಕ ಉತ್ತರ ಕೊಟ್ಟರೆಂದು ನನ್ನ ಭಾವನೆ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಪ್ರಸಂಗವೊಂದಿದೆ. ಪುಣೆಯ ಬಳಿಯ ಚಾಕಣದ ಕಾರ್ಖಾನೆಯಲ್ಲಿ ಬಜಾಜ್ ಸಂಸ್ಥೆ ಆಸ್ಟ್ರಿಯದ ಕೆಟಿಎಂ ಕಂಪನಿಗಾಗಿ ಬೈಕುಗಳನ್ನು ತಯಾರಿಸಲು ಆರಂಭಿಸಿತು. 2011ರಲ್ಲಿ ಅಲ್ಲಿಂದ ಯುರೋಪಿಗೆ ಹೊರಟದ್ದು 125 ಸಿಸಿಯ ಡ್ಯೂಕ್, 15 ಅಶ್ವಶಕ್ತಿ. ಅಲ್ಲಿನ ಹದಿನಾರು ಹದಿನೇಳರ ಹೊಸ ಸವಾರರಿಗೆಂದೇ ಅಳತೆ ಮಾಡಿ ಮಾಡಿದ್ದು. 2012ರಲ್ಲಿ ಅದೇ ಕಾರ್ಖಾನೆಯಿಂದ ನಮ್ಮ ಮಾರುಕಟ್ಟೆಗೆ ಬಂದದ್ದು 200 ಸಿಸಿಯ, 25 ಅಶ್ವಶಕ್ತಿಯ ಡ್ಯೂಕ್. ಮರುವರ್ಷವೇ 43 ಅಶ್ವಶಕ್ತಿಯ 390 ಬಂತು. 125 ಸಿಸಿಯದು ನಮ್ಮವರಿಗೆ ದೊರೆತದ್ದು 2018ರಲ್ಲಿ. ಅಂದರೆ ಒಂದೇ ಸೂರಿನಡಿ ನಮ್ಮವರೇ ತಯಾರಿಸಿದ ಮೊದಲ ಮೆಟ್ಟಿಲು ಪರದೇಶಕ್ಕೆ ಹೋಯಿತು. ನಮ್ಮ ಮಕ್ಕಳಿಗೆ ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳು ಮೊದಲು ಬಂದುವು. ತಯಾರಕರನ್ನು ಇದಕ್ಕಾಗಿ ದೂರಿ ಫಲವಿಲ್ಲ. ಅಲ್ಲಿ ಕಾನೂನು ಮೆಟ್ಟಿಲನ್ನು ಕೇಳಿತು, ಕೊಟ್ಟರು. ಇಲ್ಲಿ ಯಾರೂ ಕೇಳಲಿಲ್ಲ.

ಅಲ್ಲಿನ ಕಾನೂನನ್ನು ಚಿಕ್ಕದಾಗಿ ಹೇಳುತ್ತೇನೆ. 2013ರ ಜನವರಿ 19ರಿಂದ ಯುರೋಪಿನ ಒಕ್ಕೂಟದಲ್ಲೆಲ್ಲ ಮೋಟಾರ್ ಸೈಕಲ್ ಪರವಾನಗಿಗೆ ಮೂರು ಹಂತಗಳಿವೆ. ಮೊದಲನೆಯದು 125 ಸಿಸಿ, 15 ಅಶ್ವಶಕ್ತಿಯವರೆಗೆ. ಎರಡನೆಯದು ಸುಮಾರು 47 ಅಶ್ವಶಕ್ತಿಯವರೆಗೆ; ಅದಕ್ಕೆ ಆ ವರ್ಗದ ಬೈಕಿನ ಮೇಲೆಯೇ ಪರೀಕ್ಷೆ. ಅಲ್ಲಿ ಎರಡು ವರ್ಷ ಕಳೆದವರಿಗೆ ಮಿತಿಯಿಲ್ಲದ ಮೂರನೆಯದು. ನೇರವಾಗಿ ಅಲ್ಲಿಗೇ ಹೋಗುವುದಾದರೆ ಸಾಮಾನ್ಯವಾಗಿ 24 ವರ್ಷ ತುಂಬಿರಬೇಕು. ಆಸ್ಟ್ರೇಲಿಯದವರು ಬಲವನ್ನು ತೂಕದಿಂದ ಭಾಗಿಸಿ, ಪ್ರತಿ ಟನ್ನಿಗೆ 150 ಕಿಲೋವ್ಯಾಟ್ ಎಂಬ ಮಿತಿಯನ್ನು ಕಲಿಯುವವರಿಗೆ ಇಟ್ಟಿದ್ದಾರೆ. ನಮ್ಮಲ್ಲಿಯೋ? 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಹದಿನಾರಕ್ಕೆ 50 ಸಿಸಿವರೆಗಿನ ಗಾಡಿ. ಹದಿನೆಂಟಕ್ಕೆ ಗೇರಿನ ಗಾಡಿ. ಅದಾದ ಮೇಲೆ ಬೇರೆ ಮೆಟ್ಟಿಲಿಲ್ಲ. ಬೆಳಿಗ್ಗೆ ನೂರು ಸಿಸಿಯ ಬೈಕಿನಲ್ಲಿ ಎಂಟರ ಆಕಾರ ಸುತ್ತಿ ಪರೀಕ್ಷೆ ಮುಗಿಸಿದವನು, ಪರವಾನಗಿ ಕೈಗೆ ಬಂದೊಡನೆ 200 ಅಶ್ವಶಕ್ತಿಯ ಬೈಕನ್ನು ಓಡಿಸಲು ಕಾನೂನಿನ ಅಡ್ಡಿಯಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಅವರೆಲ್ಲರೂ ಸ್ಪೋರ್ಟ್ಸ್ ಬೈಕಿನವರಲ್ಲ ಎಂಬುದು ನಿಜ. ಹೊಸ ಸವಾರನು ಇಳಿಯುವುದು ಇಂಥ ರಸ್ತೆಗೆ ಎಂಬುದೂ ಅಷ್ಟೇ ನಿಜ.

ಇನ್ನು ಸ್ಪೋರ್ಟ್ಸ್ ಬೈಕಿನ ಸ್ವಭಾವವನ್ನು ನೋಡೋಣ. ಅದರ ಹಿಡಿಕೆ ತಗ್ಗಿನಲ್ಲಿದೆ, ಕಾಲೂರುವ ಗುಬುಟು ಹಿಂದಕ್ಕಿದೆ. ಸವಾರನು ಗಾಳಿಯನ್ನು ಸೀಳಲು ಮುಂದಕ್ಕೆ ಬಾಗಿ ಕೂರಬೇಕೆಂಬ ಉದ್ದೇಶ. ಪಂದ್ಯದ ಅಂಗಳದಲ್ಲಿ ಇದು ಸರಿ. ನಮ್ಮ ಪೇಟೆಯ ನಿಧಾನದ ಸಂಚಾರದಲ್ಲಿ ಮೈಯ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಭಾರ ಹೊತ್ತ ಕೈ ಬ್ರೇಕನ್ನೂ ಆಕ್ಸಿಲರೇಟರನ್ನೂ ನಯವಾಗಿ ಬಳಸಲಾರದು. ಹಿಡಿಕೆ ತಿರುಗುವ ಕೋನವೂ ಕಡಿಮೆ. ಇಕ್ಕಟ್ಟಿನಲ್ಲಿ ತಿರುಗಿಸಿಕೊಳ್ಳುವಾಗ ಹೊಸಬರು ಬೀಳಿಸುತ್ತಾರೆ. ದೊಡ್ಡ ಇಂಜಿನ್ನುಗಳಲ್ಲಿ ಕೈ ಒಂದಿಷ್ಟು ನಡುಗಿದರೂ ಬೈಕು ನುಗ್ಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತೇವೆ. ಹೊಸಬರು ಯೋಚಿಸುವ ಆ ಒಂದು ಸೆಕೆಂಡಿನಲ್ಲಿ ಎಮ್ಮೆ ರಸ್ತೆಗೆ ಬಂದುಬಿಟ್ಟಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು ಎಂಬುದನ್ನು ನಿಮಗೆ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿದ್ದಾರೆ.

ಹಾಗೆಂದು ನಾನು ಆ ಬೈಕಿನ ಶತ್ರುವಲ್ಲ. ಚೆಲುವಾದ ಯಂತ್ರವನ್ನು ಕಂಡು ಹುಡುಗನ ಕಣ್ಣು ಅರಳದಿದ್ದರೆ ಅದೇ ಚಿಂತೆಯ ವಿಷಯ. ಅಲ್ಲದೆ ಇಂದಿನ ಸಣ್ಣ ಸ್ಪೋರ್ಟ್ಸ್ ಬೈಕಿನ ಬ್ರೇಕು, ಟೈರುಗಳು ನನ್ನ ಜಾವಾದವುಗಳಿಗಿಂತ ಎಷ್ಟೋ ಉತ್ತಮ. 2018ರ ಏಪ್ರಿಲಿನಿಂದ ಹೊಸ ಮಾದರಿಗಳಿಗೂ 2019ರ ಏಪ್ರಿಲಿನಿಂದ ಹಳೆಯ ಮಾದರಿಗಳಿಗೂ, 125 ಸಿಸಿ ಮೀರಿದ್ದಕ್ಕೆಲ್ಲ, ಚಕ್ರ ಬಿಗಿದು ಜಾರುವುದನ್ನು ತಡೆಯುವ ಎಬಿಎಸ್ ಕಡ್ಡಾಯವಾಗಿದೆ. ಹೆದರಿದಾಗ ಬ್ರೇಕನ್ನು ಒತ್ತಿಹಿಡಿಯುವುದು ಹೊಸಬರ ಸಹಜ ದೌರ್ಬಲ್ಯ. ಅದಕ್ಕೆ ಇದು ದೊಡ್ಡ ರಕ್ಷೆ. ಆಕಾರ ಸ್ಪೋರ್ಟ್ಸ್ ಬೈಕಿನದಾಗಿದ್ದು ಬಲ ಮಿತವಾಗಿರುವ 150 ಸಿಸಿ ಆಸುಪಾಸಿನ ಗಾಡಿಗಳು ನಮ್ಮ ಮಾರುಕಟ್ಟೆಯಲ್ಲಿ ಇವೆ. ಆದ್ದರಿಂದ ಪ್ರಶ್ನೆ ಸ್ಪೋರ್ಟ್ಸ್ ಬೈಕು ಬೇಕೋ ಬೇಡವೋ ಎಂಬುದಲ್ಲ. ಯಾವ ಮೆಟ್ಟಿಲಿನಲ್ಲಿ ಎಂಬುದು.

ಕಾನೂನು ಕಟ್ಟದಿರುವ ಮೆಟ್ಟಿಲನ್ನು ಮನೆಯವರು ಕಟ್ಟಬೇಕು. ಬೇರೆ ದೇಶಗಳ ಅನುಭವದಿಂದ ನಾನು ಆಯ್ದುಕೊಂಡದ್ದು ಇಷ್ಟು. ಮೊದಲ ಬೈಕು 15 ಅಶ್ವಶಕ್ತಿಯ ಆಸುಪಾಸಿನಲ್ಲಿರಲಿ, ಒಂದೆರಡು ಹೆಚ್ಚಾದರೂ ಚಿಂತೆಯಿಲ್ಲ. ಎಬಿಎಸ್ ಇರುವುದನ್ನೇ ಆರಿಸಿ. ಕುಳಿತಾಗ ಎರಡೂ ಪಾದಗಳು ನೆಲ ಮುಟ್ಟಲಿ. ಸಾಧ್ಯವಾದರೆ ಎರಡನೆಯ ಕೈಯದು ಕೊಳ್ಳಿ; ಕಲಿಯುವವನು ಒಮ್ಮೆಯಾದರೂ ಬೀಳಿಸುತ್ತಾನೆ, ಹೊಸ ಬೈಕಿನ ಪ್ಲಾಸ್ಟಿಕ್ಕಿನ ಹೊದಿಕೆಗಳು ದುಬಾರಿ. ಉಳಿದ ಹಣದಲ್ಲಿ ಐಎಸ್‌ಐ ಗುರುತಿನ, ಮುಖ ಮುಚ್ಚುವ ಹೆಲ್ಮೆಟ್, ಕೈಗವಸು, ದಪ್ಪನೆಯ ಜಾಕೆಟ್, ಹಿಮ್ಮಡಿ ಮುಚ್ಚುವ ಬೂಟು ಕೊಡಿಸಿ. ಭಾನುವಾರದ ಬೆಳಿಗ್ಗೆ ಖಾಲಿ ಮೈದಾನದಲ್ಲಿ, ಮೊದಲು 20, ಆಮೇಲೆ 30, ಆಮೇಲೆ 40ರ ವೇಗದಿಂದ ಎರಡೂ ಬ್ರೇಕುಗಳನ್ನು ಸೇರಿಸಿ ನಿಲ್ಲಿಸುವುದನ್ನು ನೂರು ಬಾರಿ ಮಾಡಿಸಿ. ಬೈಕು ಕೈಗೆ ಒಗ್ಗುವ ಮೊದಲ ಐದಾರು ತಿಂಗಳು ಹಿಂದೆ ಗೆಳೆಯರನ್ನು ಕೂರಿಸಿಕೊಳ್ಳುವುದು ಬೇಡ, ರಾತ್ರಿಯ ಹೆದ್ದಾರಿ ಬೇಡ. ಎರಡು ವರ್ಷ ಮಳೆ, ಮರಳು, ಜನಜಂಗುಳಿಗಳನ್ನೆಲ್ಲ ಕಂಡ ಮೇಲೆ ದೊಡ್ಡದರ ಆಸೆ ಹಾಗೆಯೇ ಉಳಿದಿದ್ದರೆ ಸಂತೋಷದಿಂದ ಕೊಳ್ಳಲಿ. ವೇಗದ ರುಚಿ ನೋಡಲು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ, ಕೊಯಮತ್ತೂರಿನಲ್ಲಿ ಅದಕ್ಕೆಂದೇ ಕಟ್ಟಿದ ಅಂಗಳಗಳಿವೆ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ. ಇನ್ನು ಹದಿನೆಂಟು ತುಂಬದವನಿಗೆ ಕೀಲಿಕೈ ಕೊಡುವ ಮಾತೇ ಬೇಡ. 2019ರ ತಿದ್ದುಪಡಿಯಿಂದ ಅದಕ್ಕೆ ಪೋಷಕರಿಗೆ 25,000 ರೂಪಾಯಿ ದಂಡವಲ್ಲದೆ ಮೂರು ವರ್ಷದವರೆಗೆ ಸೆರೆವಾಸವೂ ಇದೆ.

ಪಳಗಿದ ಕುದುರೆಗೆ ಹೊಸ ಸವಾರ, ಹೊಸ ಕುದುರೆಗೆ ಪಳಗಿದ ಸವಾರ ಎಂಬ ವಿವೇಕ ಲಾಯದ ಕಾಲದ್ದು. ಕುದುರೆಯಾದರೂ ಹೊಂಡ ಕಂಡರೆ ತಾನೇ ನಿಲ್ಲುತ್ತಿತ್ತು, ಅದಕ್ಕೂ ಪ್ರಾಣಭಯವಿತ್ತು. ಯಂತ್ರಕ್ಕೆ ಅದಿಲ್ಲ. ಎರಡು ವರ್ಷ ಕಾಯುವುದು ಹದಿನೆಂಟರ ವಯಸ್ಸಿನಲ್ಲಿ ಯುಗದಂತೆ ಕಾಣುತ್ತದೆ, ಬಲ್ಲೆ. ಆದರೆ ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೊಡಿಸುವ ತಂದೆ ತಾಯಂದಿರೂ, ಕೇಳುವ ಮಕ್ಕಳೂ ಈ ಲೆಕ್ಕಗಳನ್ನು ಒಟ್ಟಿಗೆ ಕುಳಿತು ಓದಿರೆಂಬುದೇ ನನ್ನ ಕೋರಿಕೆ.